ಒಂದು ಮಳೆಗೆ ಎರಡು ತಿದ್ದುಪಡಿ

ನಮ್ಮ ಕಡೆಯ ಕಾಫಿ ಬೆಳೆಗಾರರು ಬೆಳಿಗ್ಗೆ ಎದ್ದರೆ ಮುಖ ತೊಳೆಯುವುದಕ್ಕಿಂತ ಮೊದಲು ಮಳೆ ಅಳೆಯುತ್ತಾರೆ. ಅಂಗಳದ ಮೂಲೆಯಲ್ಲಿ ನೆಟ್ಟ ರೇನ್‌ಗೇಜಿನ ನೀರನ್ನು ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ, ಪಕ್ಕದ ತೋಟದವರಿಗೆ ಫೋನ್ ಹಚ್ಚುತ್ತಾರೆ: “ನಿಮ್ಮಲ್ಲಿ ಎಷ್ಟು ಸೆಂಟು?” ದೇಶಕ್ಕೆಲ್ಲ ಮಿಲಿಮೀಟರ್ ಬಂದು ಯಾವ ಕಾಲವಾಯಿತೋ, ನಮಗೆ ಮಾತ್ರ ಮಳೆ ಇನ್ನೂ ಇಂಚು ಸೆಂಟುಗಳಲ್ಲೇ ಬೀಳುತ್ತದೆ. ನೂರು ಸೆಂಟು ಸೇರಿದರೆ ಒಂದು ಇಂಚು. ಪಕ್ಕದ ತೋಟಕ್ಕೆ ನಾಲ್ಕು ಸೆಂಟು ಹೆಚ್ಚು ಬಿತ್ತು ಎಂದು ಕೇಳಿ ತಿಂಡಿ ರುಚಿಸದೆ ಎದ್ದುಹೋದವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈ ಅಳತೆಯಲ್ಲಿ ಒಂದು ತೊಡಕಿದೆ. ಮಳೆ ಬೀಳುವುದು ಸೋಮವಾರ ಸಂಜೆ, ಅಳೆಯುವುದು ಮಂಗಳವಾರ ಬೆಳಿಗ್ಗೆ. ಹಾಗಾದರೆ ಅದು ಯಾವ ದಿನದ ಮಳೆ? ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರುಗಳನ್ನು ಕೇಳಿದರೆ ಅಳೆದ ದಿನದ್ದು ಎನ್ನುತ್ತಾರೆ. ನಮ್ಮಂಥ ಸಣ್ಣ ಹಿಡುವಳಿಯವರನ್ನು ಕೇಳಿದರೆ ಬಿದ್ದ ದಿನದ್ದು. ಈ ವಾದ ಸಕಲೇಶಪುರದ ಬಸ್‌ಸ್ಟ್ಯಾಂಡಿನಲ್ಲಿ ಶುರುವಾದರೆ ಬಸ್ಸು ಹೊರಟರೂ ಮುಗಿಯುವುದಿಲ್ಲ. ನನ್ನ ಅತಿ ಹಳೆಯ ಸ್ನೇಹವೊಂದು ಇದೇ ಒಂದು ದಿನದ ವ್ಯತ್ಯಾಸದಿಂದ ಮುರಿದುಬೀಳುವುದರಲ್ಲಿತ್ತು ಎಂದರೆ ನಗುವವರಿದ್ದಾರೆ. ನಗಲಿ, ನನಗೇನೂ ನಷ್ಟವಿಲ್ಲ.

ನಮ್ಮ ಮನೆ ಪಾಳ್ಯದ ಹತ್ತಿರ. ಗದ್ದೆ, ಹೊಲ, ಅಂಚಿನಲ್ಲಿ ಒಂದಿಷ್ಟು ಕಾಫಿ. ನಾನು ಆಲೂರಿನಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತಿದ್ದೆ. ನಾನು ಹೇಳಿದ ಆ ಗೆಳತಿ ಮದುವೆಯಾಗಿ ಯಸಳೂರಿನ ಕಡೆಯ ತೋಟ ಸೇರಿದವಳು. ಹಾಸನದ ಹಾಸ್ಟೆಲಿನಲ್ಲಿ ನಾವಿಬ್ಬರೂ ಒಂದೇ ಕೋಣೆ. ಕಂಪ್ಯೂಟರ್ ಓದಿದ್ದೂ ಒಟ್ಟಿಗೆ, ಲೆಕ್ಕದ ಪರೀಕ್ಷೆಯಲ್ಲಿ ನಪಾಸಾಗಿ ಅತ್ತದ್ದೂ ಒಟ್ಟಿಗೆ. ಓದಿದ್ದು ವ್ಯರ್ಥವಾಗಬಾರದು ಎಂಬ ಹಟ ಅವಳಿಗೆ ನನಗಿಂತ ಹೆಚ್ಚು. ಮೆಣಸಿನ ಬಳ್ಳಿಗೆ ಗೊಬ್ಬರ ಹಾಕಿಸಿ ಬಂದು, ಕೈ ತೊಳೆದು, ಲ್ಯಾಪ್‌ಟಾಪ್ ತೆಗೆಯುವ ಹೆಂಗಸನ್ನು ಆ ಊರು ಮೊದಲು ನೋಡಿದ್ದು ಇವಳಲ್ಲೇ.

ಮಳೆಯ ಲೆಕ್ಕಕ್ಕೊಂದು ಪ್ರೋಗ್ರಾಂ ಬರೆಯುವ ಯೋಚನೆ ಬಂದದ್ದು ಅವಳಿಗೆ. ಬೆಳೆಗಾರರು ಬೆಳಿಗ್ಗೆ ಮೊಬೈಲಿನಲ್ಲಿ “ನಮ್ಮಲ್ಲಿ ಎಪ್ಪತ್ತು ಸೆಂಟು” ಎಂದು ಒಂದು ಸಂದೇಶ ಕಳಿಸಿದರೆ ಸಾಕು, ಯಾವ ಊರಲ್ಲಿ ಯಾವತ್ತು ಎಷ್ಟು ಬಿತ್ತು ಎಂದು ನಕ್ಷೆಯ ಮೇಲೆ ಕಾಣಬೇಕು. ನಮ್ಮ ಜೊತೆ ಸೇರಿದ ಮೂರನೆಯವರು ಸಕಲೇಶಪುರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಆನೇಮಹಲಿನವರು. ಮನೆಯವರೆಲ್ಲ ಲಾರಿ ಮತ್ತು ಕಾಫಿ ವ್ಯಾಪಾರದಲ್ಲಿದ್ದರೆ ಇವರೊಬ್ಬರು ಮಾತ್ರ ಸ್ಕ್ರೂಡ್ರೈವರ್ ಹಿಡಿದಿದ್ದರು. ನಾವು ಅವರನ್ನು ಭಾಯಿ ಎನ್ನುತ್ತಿದ್ದೆವು, ಅವರು ನಮ್ಮಿಬ್ಬರನ್ನೂ ಅಕ್ಕ ಎನ್ನುತ್ತಿದ್ದರು.

ಸಂತೆಯ ದಿನ ನಾವು ಸೇರುತ್ತಿದ್ದದ್ದು ಆ ಅಂಗಡಿಯಲ್ಲೇ. ಈಗ ಅಲ್ಲಿ ಬಟ್ಟೆ ಅಂಗಡಿ ಬಂದಿದೆ. ಹೊಲಿಸಿದ ಚೂಡಿದಾರಗಳು ತೂಗಾಡುವ ಜಾಗದಲ್ಲಿ ಆಗ ಸತ್ತ ಮಾನಿಟರುಗಳ ರಾಶಿ ಇರುತ್ತಿತ್ತು. ಗೆಳತಿ ಯಸಳೂರಿನ ಬಸ್ಸಿಳಿದು ಬರುವಾಗ ಕೈಯಲ್ಲಿ ಟಿಫಿನ್ ಡಬ್ಬಿ. ಅದರಲ್ಲಿ ಅಕ್ಕಿರೊಟ್ಟಿ, ಕಾಲ ಬಂದರೆ ಎಳೆ ಬಿದಿರಿನ ಕಳಲೆ ಪಲ್ಯ. ಭಾಯಿ ಎದುರಿನ ಹೋಟೆಲಿಂದ ಚಾ ತರಿಸುತ್ತಿದ್ದರು. ಬೆಸುಗೆಯ ಹೊಗೆ, ರೊಟ್ಟಿ, ಹೊರಗೆ ಸಂತೆಯಲ್ಲಿ ಸುರಿದ ಒಣಮೀನು, ಎಲ್ಲ ಒಂದೇ ಉಸಿರಿನಲ್ಲಿ ಸಿಗುತ್ತಿತ್ತು. ಆ ವಾಸನೆಗೆ ಆಗ ಮೂಗು ಮುಚ್ಚಿಕೊಳ್ಳುತ್ತಿದ್ದೆ. ಈಗ ಎಲ್ಲಿಯಾದರೂ ಅದು ಸಿಕ್ಕೀತೇ ಎಂದು ನಿಂತು ನೋಡುತ್ತೇನೆ.

ಯಸಳೂರಿನ ಆ ಮನೆಯಲ್ಲಿ ನೆಟ್‌ವರ್ಕ್ ಬೇಕೆಂದರೆ ಗುಡ್ಡದ ನೆತ್ತಿಯ ಬಂಡೆ ಹತ್ತಬೇಕಿತ್ತು. ಹಾಗಾಗಿ ನಾವು ಬರೆದದ್ದನ್ನೆಲ್ಲ ಪೆನ್‌ಡ್ರೈವಿನಲ್ಲಿ ತಂದು ಕೂಡಿಸುತ್ತಿದ್ದೆವು. ಅದಕ್ಕೆ ಗಿಟ್ ಎಂಬ ಸಲಕರಣೆಯನ್ನು ಗೊತ್ತುಮಾಡಿದವರು ಭಾಯಿ. ಅದರಲ್ಲಿ ಇಡೀ ಕೆಲಸದ ಪೂರ್ತಿ ನಕಲು ಮೂವರ ಹತ್ತಿರವೂ ಇರುತ್ತದೆ. ದೊಡ್ಡಮನೆ ಅಂತ ಒಂದಿಲ್ಲ, ಮೂರೂ ದೊಡ್ಡಮನೆಗಳೇ. ಯಾರನ್ನೂ ಕೇಳದೆ ಅವರವರ ಮನೆಯಲ್ಲಿ ಕೂತು ತಿದ್ದಬಹುದು. ಒಂದೊಂದು ತಿದ್ದುಪಡಿ ಮುಗಿದಾಗಲೂ ಏನು ಮಾಡಿದೆ ಎಂದು ಒಂದು ವಾಕ್ಯ ಬರೆದು ಅದನ್ನು ಮುಡಿಪು ಕಟ್ಟಿದಂತೆ ಕಟ್ಟಿಡುತ್ತೇವೆ. ಅದಕ್ಕೆ ಕಮಿಟ್ ಎನ್ನುತ್ತಾರೆ. ಸಿಕ್ಕಾಗ ಎಲ್ಲರದ್ದನ್ನೂ ಕೂಡಿಸುವುದು ಮರ್ಜ್. ನಾವು ಇಷ್ಟು ತಿಳಿದುಕೊಂಡು ಎಲ್ಲ ತಿಳಿಯಿತು ಎಂದುಕೊಂಡೆವು.

ಆ ವರ್ಷದ ಮುಂಗಾರು ಹಿಡಿದದ್ದು ಬಿಡಲಿಲ್ಲ. ಯಸಳೂರಿನ ರಸ್ತೆಗೆ ಮರ ಬಿದ್ದು, ಕಂಬ ಉರುಳಿ, ಕೆಲವು ಸಂತೆಗಳಿಗೆ ಅವಳು ಬರಲಾಗಲಿಲ್ಲ. ಫೋನೂ ಇಲ್ಲ. ನಾನು ಪಾಳ್ಯದಲ್ಲಿ ನಾಟಿಯ ನಡುವೆ ಪ್ರೋಗ್ರಾಂ ತೆಗೆದು ನೋಡುವಾಗ ತಪ್ಪೊಂದು ಕಣ್ಣಿಗೆ ಬಿತ್ತು. ಸೋಮವಾರದ ಮಳೆ ಮಂಗಳವಾರದ ಕೆಳಗೆ ಕೂತಿತ್ತು. ಸಂದೇಶ ಬರುವುದು ಮಂಗಳವಾರ ತಾನೆ? ನಮ್ಮ ಪ್ರೋಗ್ರಾಂ ಸಂದೇಶದ ತಾರೀಖನ್ನೇ ಮಳೆಯ ತಾರೀಖು ಮಾಡಿಬಿಟ್ಟಿತ್ತು. ನಾನು ಸಂದೇಶ ಒಳಗೆ ಬರುವ ಬಾಗಿಲಲ್ಲೇ ಒಂದು ದಿನ ಹಿಂದಕ್ಕೆ ತಳ್ಳಿದೆ. ಕೆಳಗೆ ಒಂದು ವಾಕ್ಯ ಬರೆದೆ: “ತಾರೀಖು ಸರಿ ಇರಲಿಲ್ಲ. ಈಗ ಸರಿಯಾಗಿದೆ.”

ರಸ್ತೆ ತೆರೆದ ಮೇಲೆ ಸಂತೆಗೆ ಸೇರಿದೆವು. ಅಂಗಡಿಯಲ್ಲಿ ಜನವೋ ಜನ. ನಮ್ಮಿಬ್ಬರ ಪೆನ್‌ಡ್ರೈವನ್ನೂ ಭಾಯಿ ಕೂಡಿಸಿದರು. ಒಂದೇ ಸಾಲನ್ನು ಇಬ್ಬರೂ ಮುಟ್ಟಿದ್ದರೆ ಯಂತ್ರವೇ ತಡೆದು, ಯಾರದ್ದು ಇಡಲಿ ಎಂದು ಕೇಳುತ್ತಿತ್ತು. ಅದು ಏನೂ ಕೇಳಲಿಲ್ಲ. ನಾವು ಹರಟೆ ಹೊಡೆದು, ರೊಟ್ಟಿ ತಿಂದು, ಬಸ್ಸು ಹತ್ತಿದೆವು.

ಮಳೆಗಾಲ ಮುಗಿಯುವವರೆಗೂ ಯಾವ ಮಾತೂ ಬರಲಿಲ್ಲ. ದಿನವೂ ಮಳೆ ಬೀಳುವಾಗ ಇವತ್ತಿನದು ಯಾವುದು, ನಿನ್ನೆಯದು ಯಾವುದು ಎಂದು ಯಾರು ನೋಡುತ್ತಾರೆ? ಗುಟ್ಟು ಬಯಲಾದದ್ದು ಕಾಫಿ ಕುಯ್ಲಿನಲ್ಲಿ. ಕಣದ ತುಂಬ ಹಣ್ಣು ಹರವಿಕೊಂಡು ಎಲ್ಲರೂ ಬಿಸಿಲನ್ನು ನೆಚ್ಚಿ ಕೂತಿದ್ದಾಗ ಅಕಾಲದ ಮಳೆಯೊಂದು ಬಿತ್ತು. ನಮ್ಮ ಪ್ರೋಗ್ರಾಂ ಆ ಮಳೆಯನ್ನು ಅದಕ್ಕೂ ಹಿಂದಿನ ದಿನ ತೋರಿಸಿತು, ಊರಿಗೆ ಊರೇ ಸುಡುಬಿಸಿಲಿನಲ್ಲಿ ಕಾಫಿ ಕೆದಕುತ್ತಿದ್ದ ದಿನ.

ಜನ ಬಿಡುತ್ತಾರೆಯೇ? ಬಸ್ಸಿನಲ್ಲಿ ನನ್ನನ್ನು ಕಂಡ ಬೆಳೆಗಾರರೊಬ್ಬರು, “ಅಲ್ಲ ಕಣಮ್ಮ, ನಿಮ್ಮ ಕಂಪ್ಯೂಟರು ಮಳೆ ಬೀಳೋಕ್ ಮುಂಚೇನೆ ಅಳೆದ್ಬುಡ್ತದಲ್ಲ! ಒಂದಿನ ಮುಂಚೆ ನಮಗೂ ಹೇಳ್ಬುಟ್ಟಿದ್ರೆ ಕಣ ಎತ್ತುಕೊತಿದ್ವಿ” ಎಂದರು. ಇಡೀ ಬಸ್ಸು ನಕ್ಕಿತು. ನನಗೆ ನಗು ಬರಲಿಲ್ಲ. ಯಸಳೂರಿನಲ್ಲಿ ಗೆಳತಿಗೆ ಇದಕ್ಕಿಂತ ಹೆಚ್ಚೇ ಆಗಿತ್ತು. ಊರೂರು ತಿರುಗಿ ಸಂದೇಶ ಕಳಿಸಿ ಎಂದು ಕೇಳಿಕೊಂಡವಳು ಅವಳು. ಓದಿದ ಸೊಸೆ ಕಿಸಿದದ್ದು ಇಷ್ಟೇ ಎಂದು ಹತ್ತಿರದವರೇ ಆಡಿಕೊಂಡರು.

ಮುಂದಿನ ಸಂತೆಗೆ ಬಂದವಳೇ ಗಿಟ್‌ನ ಚರಿತ್ರೆ ತೆರೆದು ಕೂತಳು. ಕಟ್ಟಿಟ್ಟ ವಾಕ್ಯಗಳೆಲ್ಲ ಒಂದರ ಮೇಲೊಂದು ಪಟ್ಟಿಯಾಗಿ ಬಂದವು, ಹೊಸದು ಮೇಲೆ, ಹಳೆಯದು ಕೆಳಗೆ. ಅದರಲ್ಲಿ ಅವಳದೊಂದು ವಾಕ್ಯವಿತ್ತು: “ಮಳೆಯ ತಾರೀಖು ಒಂದು ದಿನ ಹಿಂದಕ್ಕೆ ಹಾಕಿದ್ದೇನೆ.” ನಾನು ಅದನ್ನು ನೋಡಿದ್ದು ಅವತ್ತೇ. ಅವಳೂ ಅದೇ ತಪ್ಪು ಕಂಡು ತಿದ್ದಿದ್ದಳು. ನಾನು ಒಳಬಾಗಿಲಲ್ಲಿ ಹಿಂದಕ್ಕೆ ತಳ್ಳಿದ್ದರೆ ಅವಳು ತೆರೆಯ ಮೇಲೆ ತೋರಿಸುವಾಗ ತಳ್ಳಿದ್ದಳು. ಎರಡೂ ಸೇರಿ ಮಂಗಳವಾರ ಅಳೆದ ಮಳೆ ಭಾನುವಾರಕ್ಕೆ ಹೋಗಿತ್ತು.

ಇಷ್ಟೇ ಆಗಿದ್ದರೆ ನಕ್ಕು ಮುಗಿಸುತ್ತಿದ್ದೆವು. ಆದರೆ ಪಟ್ಟಿಯಲ್ಲಿ ಅವಳ ವಾಕ್ಯದ ನೆತ್ತಿಯ ಮೇಲೆ ನನ್ನದು ಕೂತಿತ್ತು: “ತಾರೀಖು ಸರಿ ಇರಲಿಲ್ಲ. ಈಗ ಸರಿಯಾಗಿದೆ.” ಕೆಳಗಿನಿಂದ ಮೇಲಕ್ಕೆ ಓದಿದರೆ ಅರ್ಥ ಬೇರೆಯೇ. ಅವಳು ಮಾಡಿದ್ದನ್ನು ನೋಡಿ, ನೀನು ಮಾಡಿದ್ದು ತಪ್ಪು ಎಂದು ಮೂಗು ಮುರಿದು, ನಾನು ಮತ್ತೆ ಮಾಡಿದ ಹಾಗಿತ್ತು.

“ನಂದು ಸರಿ ಇರ್ಲಿಲ್ವಾ?” ಎಂದಳು.

“ನಿಂದು ನಾನು ನೋಡೇ ಇಲ್ಲ ಕಣೇ.”

“ನೋಡ್ದೆ ಹೆಂಗೆ? ನನ್ನದರ ಮೇಲೇ ಐತಲ್ಲ. ಹಾಸ್ಟೆಲಲ್ಲೂ ನೀನು ಹಿಂಗೇ, ನಾನು ಮಡಚಿಟ್ಟ ಹಾಸಿಗೇನ ಇನ್ನೊಂದ್ಸಲ ಮಡಚ್ತಿದ್ದೆ.”

ಹಾಸಿಗೆಯ ವಿಷಯ ನಿಜ. ಗಿಟ್‌ನ ವಿಷಯ ಸುಳ್ಳು. ಆದರೆ ಸುಳ್ಳು ಎಂದು ತೋರಿಸಲು ನನ್ನ ಹತ್ತಿರ ಏನಿತ್ತು? ಪಟ್ಟಿಯೇ ಅವಳ ಪರವಾಗಿ ಸಾಕ್ಷಿ ಹೇಳುತ್ತಿತ್ತು. ನನಗೂ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇಷ್ಟು ವರ್ಷದ ಮೇಲೂ ನನ್ನನ್ನು ನಂಬುವುದಿಲ್ಲವಲ್ಲ ಎಂದು ಎದೆ ಉರಿಯಿತು. ನಂಬದಿದ್ದರೆ ಬಿಡು ಎಂದೆ. ಅವಳು ಖಾಲಿ ಡಬ್ಬಿ ಎತ್ತಿಕೊಂಡು, “ಇನ್ನು ನಾನು ಬರಲ್ಲ ಭಾಯಿ, ನೀವಿಬ್ರೇ ನೋಡ್ಕಳಿ” ಎಂದು ಹೊರಟುಹೋದಳು.

ಬರಲೂ ಇಲ್ಲ. ಕುಯ್ಲು ಇರಬೇಕು ಎಂದು ಮೊದಲ ಸಂತೆಗೆ ಸಮಾಧಾನ ಮಾಡಿಕೊಂಡೆ. ಆಮೇಲಿನ ಸಂತೆಗಳಿಗೆ ಆ ಸಮಾಧಾನವೂ ಇರಲಿಲ್ಲ. ಫೋನ್ ಮಾಡಿದರೆ ಅವಳ ಯಜಮಾನರು ಎತ್ತಿ, ತೋಟದಲ್ಲಿದ್ದಾಳೆ ಎನ್ನುತ್ತಿದ್ದರು. ಯಸಳೂರಿನ ಬಸ್ಸು ಬಂದು ನಿಂತಾಗಲೆಲ್ಲ ಅಂಗಡಿಯ ಮೆಟ್ಟಿಲಿಗೆ ಬಂದು ನೋಡುತ್ತಿದ್ದೆ. ಇಳಿಯುವವರೆಲ್ಲ ಇಳಿದು ಮುಗಿಯುತ್ತಿದ್ದರು. ಅಕ್ಕತಂಗಿಯರಿಲ್ಲದ ನನಗೆ ಅವಳೊಬ್ಬಳೇ ಇದ್ದದ್ದು. ಕಳೆದುಕೊಂಡೆ ಎಂದು ಬಸ್ಸಿನ ಕಿಟಕಿಗೆ ಮುಖ ಮಾಡಿ ಅತ್ತಿದ್ದೇನೆ.

ಒಂದು ದಿನ ಅಂಗಡಿಯಲ್ಲಿ ಜನ ಇರಲಿಲ್ಲ. ಭಾಯಿ ತಾವಾಗಿಯೇ ಚರಿತ್ರೆ ತೆರೆದರು. “ಅಕ್ಕ, ನೀವು ಇದನ್ನ ಪಟ್ಟಿ ಮಾಡ್ಕಂಡು ಓದ್ತೀರ. ಗೆರೆ ಹಾಕಿ ತೋರ್ಸು ಅಂದ್ರೆ ಬೇರೆ ಥರ ತೋರಿಸ್ತದೆ” ಎಂದು ಏನೋ ಒತ್ತಿದರು. ತೆರೆಯ ಎಡಗಡೆ ಚುಕ್ಕೆಗಳು, ಅವುಗಳನ್ನು ಜೋಡಿಸುವ ಗೆರೆಗಳು ಬಂದವು. ನೋಡಿದ ಕೂಡಲೇ ತಲೆ ಕೆಟ್ಟಿತು. ಚಿಗುರು ತೆಗೆಯದೆ ಬಿಟ್ಟ ಕಾಫಿ ಗಿಡದ ಹಾಗೆ ಎಲ್ಲೆಲ್ಲೋ ಒಡೆದು ಎಲ್ಲೆಲ್ಲೋ ಸೇರಿತ್ತು.

“ಇದರಲ್ಲಿ ಯಾವುದು ಮೊದಲು, ಯಾವುದು ಆಮೇಲೆ?” ಎಂದೆ.

“ಅದನ್ನೇ ಕೇಳ್ಬಾರದು” ಎಂದು ನಕ್ಕರು. “ನಮ್ಮಣ್ಣ ಬಿಸಿಲೆ ಘಾಟಿ ಮೇಲೆ ಸುಬ್ರಹ್ಮಣ್ಯಕ್ಕೆ ಹೋದ. ನಾನು ಶಿರಾಡಿ ಘಾಟಿ ಇಳಿದು ಹೋದೆ. ಅವನು ಹತ್ತು ಗಂಟೆಗೆ ಚಾ ಕುಡ್ದ, ನಾನು ಹನ್ನೊಂದಕ್ಕೆ ಕುಡ್ದೆ. ಗಡಿಯಾರ ನೋಡಿದ್ರೆ ಅವನ ಹಿಂದೆ ನಾನು. ಹಂಗಂತ ಅವನು ಕುಡಿದ ಅಂಗಡೀಲೇ ನಾನೂ ಕುಡ್ದೆ ಅಂತ ಆಯ್ತದಾ? ದಾರೀನೇ ಬೇರೆ ಅಲ್ವಾ?”

ನಾನು ನನ್ನ ವಾಕ್ಯದ ಚುಕ್ಕೆಯ ಮೇಲೆ ಬೆರಳಿಟ್ಟೆ. ಅಲ್ಲಿಂದ ಗೆರೆ ಹಿಡಿದು ಕೆಳಗೆ ಇಳಿದೆ. ಅವಳ ಚುಕ್ಕೆ ಪಕ್ಕದ ಗೆರೆಯಲ್ಲಿತ್ತು. ನನ್ನ ಬೆರಳು ಅದನ್ನು ಮುಟ್ಟದೆ ದಾಟಿ ಹೋಯಿತು. ಹೋಗಿ ನಿಂತದ್ದು ಮಳೆ ಹಿಡಿಯುವ ಮೊದಲಿನ ಸಂತೆಯಲ್ಲಿ, ಮೂವರೂ ಕೂತು ಕೂಡಿಸಿದ್ದ ಚುಕ್ಕೆಯಲ್ಲಿ. ಮತ್ತೆ ಅವಳ ಚುಕ್ಕೆಯಿಂದ ಇಳಿದೆ. ಅದೂ ಬಂದು ನಿಂತದ್ದು ಅಲ್ಲೇ. ಒಂದೊಂದು ಕಮಿಟ್ಟೂ ತಾನು ಯಾವುದನ್ನು ನೋಡಿಕೊಂಡು ಹುಟ್ಟಿತೋ ಅದನ್ನಷ್ಟೇ ತನ್ನ ಹೆತ್ತವರೆಂದು ಹೇಳುತ್ತದೆ. ನನ್ನದಕ್ಕೆ ಅವಳದು ಹೆತ್ತತಾಯಿಯಲ್ಲ, ಒಡಹುಟ್ಟು. ಎರಡೂ ಬೇರೆ ಬೇರೆ ಮನೆಯಲ್ಲಿ ಬೆಳೆದು, ಆಮೇಲೆ ಭಾಯಿಯ ಮರ್ಜಿನಲ್ಲಿ ಮೊದಲ ಸಲ ಮುಖ ನೋಡಿಕೊಂಡಿದ್ದವು. ಪಟ್ಟಿ ಮಾಡುವಾಗ ಯಂತ್ರ ಗಡಿಯಾರ ನೋಡಿ ಎರಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿತ್ತು, ನಾನು ಒಂದು ದಿನ ತಡವಾಗಿ ಬರೆದದ್ದರಿಂದ ಮೇಲೆ ಬಂದಿದ್ದೆ. ಅಷ್ಟೇ ವಿಷಯ. ಇಷ್ಟು ಸಣ್ಣದಕ್ಕೆ ಇಷ್ಟು ದಿನ ಮಾತು ಬಿಟ್ಟಿದ್ದೆವಲ್ಲ ಎಂದು ನನ್ನ ಮೇಲೆ, ಅವಳ ಮೇಲೆ, ಆ ಯಂತ್ರದ ಮೇಲೆ ಒಟ್ಟಿಗೆ ಕೋಪ ಬಂತು.

ಭಾಯಿಗೆ ನಮ್ಮಿಬ್ಬರನ್ನು ಕೂಡಿಸುವ ಅವಸರ. “ಬೇಕಾದ್ರೆ ಹಳೇದನ್ನೆಲ್ಲ ಬಿಚ್ಚಿ ಒಂದೇ ಗೆರೆ ಮಾಡ್ಬುಡಣ ಅಕ್ಕ. ಒಂದು ತಿದ್ದುಪಡಿ ಸಾಕು, ಇನ್ನೊಂದು ಇರಲೇ ಇಲ್ಲ ಅನ್ನೋ ಥರ. ನೋಡಿದೋರಿಗೆ ಜಗಳ ಆಗಿತ್ತು ಅಂತಾನೂ ಗೊತ್ತಾಗಲ್ಲ” ಎಂದರು. ಹಾಗೆ ಮಾಡಬಹುದು ಎಂದು ನನಗೆ ಗೊತ್ತಿರಲಿಲ್ಲ. ಕೇಳಿ ಹಗುರವೆನಿಸಿತು. ಅವಳನ್ನು ಕೇಳಿಕೊಂಡು ಬರುತ್ತೇನೆ ಎಂದೆ.

ಮಾರನೆಯ ಬೆಳಿಗ್ಗೆಯೇ ಯಸಳೂರಿನ ಬಸ್ಸು ಹತ್ತಿದೆ. ಅವಳು ಕಣದಲ್ಲಿ ಮೆಣಸು ಹರವುತ್ತಿದ್ದಳು. ನನ್ನನ್ನು ನೋಡಿ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ನಾನು ಚಪ್ಪಲಿ ಬಿಟ್ಟು ಕಣಕ್ಕೆ ಇಳಿದು, ಮೆಣಸಿನ ಹಾಸಿನ ಮೇಲೆ ಬೆರಳಿಂದ ಒಂದು ಗೆರೆ ಎಳೆದೆ. ಅದನ್ನು ಕವಲು ಮಾಡಿದೆ. ಎರಡು ಕವಲನ್ನೂ ಮುಂದೆ ಒಯ್ದು ಕೂಡಿಸಿದೆ.

“ಇದು ಮಳೆಗೆ ಮುಂಚಿನ ಸಂತೆ. ಇದು ನೀನು. ಇದು ನಾನು. ನಾನು ಬರೆಯುವಾಗ ನಿಂದು ನನ್ನ ಹತ್ರ ಬಂದಿರ್ಲೇ ಇಲ್ಲ ಕಣೇ. ಇಲ್ಲಿ, ಭಾಯಿ ಅಂಗಡೀಲಿ ಸೇರಿದ್ದು.”

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿ ನೋಡಿದಳು. ತಾನೂ ಬೆರಳಿಟ್ಟು ಎರಡು ಕವಲುಗಳ ಮೇಲೂ ಒಂದೊಂದು ಸಲ ಇಳಿದಳು. ಬುದ್ಧಿವಂತೆ, ನನಗಾದಷ್ಟು ಹೊತ್ತು ಅವಳಿಗೆ ಆಗಲಿಲ್ಲ.

“ಹಂಗಾದ್ರೆ ನೀನು ನನ್ನದನ್ನ ತಿದ್ದಿದ್ದಲ್ಲ.”

“ಅಲ್ಲ.”

ನಾನು ಕೂಡಲೇ ಭಾಯಿ ಹೇಳಿದ್ದನ್ನು ಹೇಳಿದೆ: ಹಳೆಯದನ್ನು ಬಿಚ್ಚಿ ಒಂದೇ ಗೆರೆ ಮಾಡಬಹುದಂತೆ, ಜಗಳದ ಗುರುತೂ ಇರುವುದಿಲ್ಲವಂತೆ. ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖ ಕೆಂಪಾಯಿತು.

“ಅದನ್ಯಾಕೆ ಅಳಿಸ್ತೀಯ? ಅವತ್ತು ಕಂಬ ಬಿದ್ದು ಕರೆಂಟಿಲ್ಲ. ಲ್ಯಾಪ್‌ಟಾಪಲ್ಲಿ ಇದ್ದಿದ್ದೇ ಒಂಚೂರು ಚಾರ್ಜು. ನಿಮ್ಮನೇಲಿ ನಾಟಿ, ಪಾಪ ಇವಳು ಆಳುಗಳಿಗೆ ಬೇಯಿಸಿ ಹಾಕ್ತಾಳೋ ಇದನ್ನ ನೋಡ್ತಾಳೋ, ಇದೊಂದು ಕೆಲ್ಸ ಅವಳಿಗೆ ಉಳೀಲಿ ಅಂತ ಬರ್ದಿದ್ದೆ. ಮಾರಾಯ್ತಿ, ಅದು ಇರ್ಲೇ ಇಲ್ಲ ಅನ್ನೋ ಥರ ಮಾಡ್ತೀನಿ ಅಂತೀಯಲ್ಲ.”

ಪಾಳ್ಯದ ನಮ್ಮ ಮನೆಯಲ್ಲಿ, ಆಳುಗಳಿಗೆ ಮುದ್ದೆ ತೊಳಸಿಟ್ಟು ಬಂದು, ನಾನು ಅದನ್ನು ಬರೆದದ್ದು ಯಾಕೆಂದು ನನಗೆ ಗೊತ್ತಿತ್ತು. ದಾರಿ ಮುಚ್ಚಿ ಅವಳು ಅಲ್ಲಿ ಏನು ಕಷ್ಟ ಪಡುತ್ತಿದ್ದಾಳೋ, ಬರುವಷ್ಟರಲ್ಲಿ ಇದಾದರೂ ಮುಗಿದಿರಲಿ ಎಂದು.

“ನಾನೂ ಅದಕ್ಕೇ ಮಾಡಿದ್ದು ಕಣೇ. ನಿಂಗೆ ಉಳೀಲಿ ಅಂತ.”

ಅವಳು ನನ್ನನ್ನು ನೋಡಿದಳು. ಆಮೇಲೆ ಇಬ್ಬರೂ ಅತ್ತೆವು. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಕಣದ ನಡುವೆ ಕೂತು ಚೆನ್ನಾಗಿಯೇ ಅತ್ತೆವು. ಅವಳ ಯಜಮಾನರು ಏಣಿ ಹೊತ್ತು ಬಂದವರು ನಮ್ಮನ್ನು ಕಂಡು ಹಾಗೇ ಹಿಂದಕ್ಕೆ ಹೋದರು.

ಅವಳು ಸಂತೆಯವರೆಗೆ ಕಾಯಲಿಲ್ಲ. ಊಟ ಮಾಡಿಸಿ, ಸೀರೆ ಬದಲಿಸಿ, ಮಧ್ಯಾಹ್ನದ ಬಸ್ಸಿಗೆ ನನ್ನ ಜೊತೆಯೇ ಹೊರಟಳು. ಎರಡರಲ್ಲಿ ಒಂದು ತಿದ್ದುಪಡಿಯನ್ನು ಹಿಂತೆಗೆಯಲೇಬೇಕಿತ್ತು. ಹಳೆಯದನ್ನು ಅಳಿಸುವುದಲ್ಲ, ಇದನ್ನು ಹಿಂತೆಗೆದಿದ್ದೇವೆ ಎಂದು ಹೊಸದೊಂದು ಕಮಿಟ್ ಮಾಡುವುದು, ಎರಡು ಗೆರೆಗಳೂ ಇದ್ದಲ್ಲೇ ಇರುವುದು. ಯಾರದನ್ನು ಹಿಂತೆಗೆಯುವುದು ಎಂದು ದಾರಿಯುದ್ದಕ್ಕೂ ಜಗಳವಾಡಿದೆವು. ನನ್ನದನ್ನು ತೆಗೆ ಎಂದು ನಾನು, “ನಿಂದು ಬುಡದಲ್ಲೇ ಸರಿ ಮಾಡ್ತದೆ, ನಂದು ಮೇಲಿನ ತೇಪೆ, ನಂದೇ ತೆಗಿ” ಎಂದು ಅವಳು. ಕಂಡಕ್ಟರು ಎರಡು ಸಲ ತಿರುಗಿ ನೋಡಿದ. ಸಕಲೇಶಪುರ ಬರುವಷ್ಟರಲ್ಲಿ ಅವಳೇ ಗೆದ್ದಿದ್ದಳು.

ಅಂಗಡಿಯಲ್ಲಿ ಅವಳನ್ನು ಕಂಡ ಭಾಯಿ ಏನೂ ಕೇಳದೆ ಚಾ ತರಿಸಲು ಹೊರಗೆ ಹೋದರು. ನಾನು ಯಂತ್ರದ ಮುಂದೆ ಕೂತು, “ನೀನು ದಣಿದಿದ್ದೀಯ, ನಾನೇ ತೆಗೆದುಬಿಡ್ತೀನಿ” ಎಂದೆ.

“ಬೇಡ” ಎಂದಳು. “ನಿಂಗೆ ಉಳೀಲಿ ಅಂತ ನಾನು, ನಂಗೆ ಉಳೀಲಿ ಅಂತ ನೀನು, ಬೇರೆ ಬೇರೆ ಮಾಡಿದ್ದು ಸಾಕು. ಇವತ್ತು ಒಂದೇ ಕಡೆ ಕೂತಿದೀವಿ, ನೋಡ್ಕಂಡೇ ಮಾಡಣ.” ಮಾನಿಟರುಗಳ ರಾಶಿಯ ಹಿಂದಿನಿಂದ ಇನ್ನೊಂದು ಕುರ್ಚಿ ಎಳೆದು ತಂದು, ನನ್ನ ಕುರ್ಚಿಗೆ ತಾಗಿಸಿ ಹಾಕಿಕೊಂಡಳು.